ಕ್ರೋಮ್ ತೆರೆದರೆ ಫ್ಯಾನ್ ಕೂಗುತ್ತದೆಯೇ? ಪ್ರೊಸೆಸರ್ ತಿನ್ನುತ್ತಿರುವುದು ಯಾರು ಎಂದು ಹುಡುಕುವ ಬಗೆ

ಅಕ್ಕ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆ. ಅವಳದು ಹಳೆಯ ಲ್ಯಾಪ್‌ಟಾಪ್. ಇಂಟೆಲ್‌ನ 6ನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ವಿಂಡೋಸ್ 10. ಒಂದು ದಿನ ಫೋನ್ ಮಾಡಿ, "ಕ್ರೋಮ್ ತೆಗೆದ್ರೆ ಸಾಕು ಕಣೋ, ಫ್ಯಾನ್ ಮಿಕ್ಸಿ ಥರ ಕೂಗುತ್ತೆ. ಕೆಲವು ಸಲ ಸುಮ್ಮನಿರುತ್ತೆ, ಕೆಲವು ಸಲ ಕೈ ಇಡೋಕಾಗಲ್ಲ" ಅಂದಳು. ಅಷ್ಟರಲ್ಲಿ ಒಂದು ಅಂಗಡಿಗೂ ಹೋಗಿ ಬಂದಿದ್ದಳು. ರ‍್ಯಾಮ್ ಜಾಸ್ತಿ ಮಾಡಿಸಿ, ಆಗಲಿಲ್ಲ ಅಂದ್ರೆ ವಿಂಡೋಸ್ ಹೊಸದಾಗಿ ಹಾಕೋಣ ಎಂದು ಹೇಳಿ ಕಳಿಸಿದ್ದರಂತೆ.

ಎರಡೂ ಬೇಕಾಗಲಿಲ್ಲ. ತಪ್ಪು ಎಲ್ಲಿದೆ ಎಂದು ಹುಡುಕಲು ಒಂದು ಸಂಜೆ ಹಿಡಿಯಿತು. ಸರಿಪಡಿಸಲು ಅರ್ಧ ನಿಮಿಷ. ಅವತ್ತು ಯಾವುದರ ನಂತರ ಯಾವುದು ಮಾಡಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಕಾರಣ ಬೇರೆ ಇರಬಹುದು. ಹಾಗಾಗಿ ದಾರಿ ಎಲ್ಲೆಲ್ಲಿ ಕವಲೊಡೆಯುತ್ತದೆ ಎಂಬುದನ್ನೂ ಹೇಳುತ್ತೇನೆ.

ಮೊದಲು ಅಳತೆ

ಏನನ್ನೂ ಮುಟ್ಟುವ ಮೊದಲು ಒಂದು ಅಳತೆ ಬರೆದಿಟ್ಟುಕೊಳ್ಳಿ. ಇದನ್ನು ಬಿಟ್ಟರೆ ಮುಂದೆ ಮಾಡಿದ್ದೆಲ್ಲ ಅಂದಾಜಿನ ಕೆಲಸ. "ಈಗ ಸ್ವಲ್ಪ ಪರವಾಗಿಲ್ಲ ಅನ್ಸುತ್ತೆ" ಎಂಬ ಮಾತಿನಿಂದ ಯಾವ ದೋಷವೂ ಸಿಗುವುದಿಲ್ಲ.

ಬ್ರೌಸರ್ ತೆರೆದ ಮೊದಲ ಒಂದೆರಡು ನಿಮಿಷದ ಅಂಕಿಯನ್ನು ನಂಬಬೇಡಿ. ಹಿಂದಿನ ಟ್ಯಾಬ್‌ಗಳು ಮತ್ತೆ ಲೋಡ್ ಆಗುತ್ತಿರುತ್ತವೆ. ಎಕ್ಸ್‌ಟೆನ್ಷನ್‌ಗಳು, ಅಂದರೆ ಬ್ರೌಸರ್‌ಗೆ ನಾವು ಸೇರಿಸಿಕೊಂಡ ಪುಟ್ಟ ಸಾಧನಗಳು, ಶುರುವಾಗುತ್ತಿರುತ್ತವೆ. ಆಂಟಿವೈರಸ್ ಕೂಡ ಅದೇ ಹೊತ್ತಿಗೆ ಫೈಲುಗಳನ್ನು ತಡಕುತ್ತಿರುತ್ತದೆ. ಆಗ ಪ್ರೊಸೆಸರ್ ಏರುವುದು ಸಹಜ. ಎರಡು ನಿಮಿಷ ಬಿಟ್ಟು, ಮೌಸ್ ಮುಟ್ಟದೆ, ಅರ್ಧ ನಿಮಿಷ ಅಂಕಿ ನೋಡಿ.

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ಕ್ರೋಮ್ ಎದುರಿಗೆ 29, 31, 30 ಎಂದು ಅಂಕಿ ಓಡಾಡುತ್ತಿತ್ತು. "ಮೂವತ್ತೇ ತಾನೇ, ಇನ್ನೂ ಎಪ್ಪತ್ತು ಉಳಿದಿದೆಯಲ್ಲ" ಅಂದಳು ಅಕ್ಕ. ಎಷ್ಟೋ ಜನ ಎಡವುವುದು ಇಲ್ಲೇ.

ವಿಂಡೋಸ್ ಟಾಸ್ಕ್ ಮ್ಯಾನೇಜರ್‌ನ 100 ಅಂದರೆ ಇಡೀ ಪ್ರೊಸೆಸರ್. ಈ ಲ್ಯಾಪ್‌ಟಾಪ್‌ನಲ್ಲಿ ಕೋರ್ (ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕ) ಎರಡು. ಒಂದೊಂದು ಕೋರ್ ವಿಂಡೋಸ್‌ಗೆ ಎರಡಾಗಿ ಕಾಣುತ್ತದೆ, ಅದರಿಂದ ಲಾಜಿಕಲ್ ಪ್ರೊಸೆಸರ್ ನಾಲ್ಕು. ಹಾಗಾಗಿ ಒಂದು ಲಾಜಿಕಲ್ ಪ್ರೊಸೆಸರ್ ಪೂರ್ತಿ ತುಂಬಿದರೂ ಅಲ್ಲಿ ಕಾಣುವುದು 25 ಮಾತ್ರ. ಒಂದು ವೆಬ್‌ಪುಟದ ಸ್ಕ್ರಿಪ್ಟ್ (ಪುಟದೊಳಗೆ ಓಡುವ ಕೋಡ್) ಸಾಮಾನ್ಯವಾಗಿ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದರ ನಂತರ ಒಂದು ಮಾಡುವ ಕೆಲಸದ ಒಂದೇ ಸಾಲಿನಲ್ಲಿ, ಓಡುತ್ತದೆ. ಅದು ಎಲ್ಲೋ ಸುತ್ತು ಹಾಕುತ್ತ ಸಿಕ್ಕಿಹಾಕಿಕೊಂಡರೆ ನಾಲ್ಕರ ಯಂತ್ರದಲ್ಲಿ 25ರ ಸುತ್ತ ನಿಲ್ಲುತ್ತದೆ. ಎಂಟರ ಯಂತ್ರದಲ್ಲಿ 12.5ರ ಸುತ್ತ. ಅಂಕಿ ಮೇಲೆ ಕೆಳಗೆ ಹಾರಾಡದೆ ಇಂಥ ಒಂದು ಜಾಗದಲ್ಲಿ ಅಂಟಿಕೊಂಡು ಕೂತಿದ್ದರೆ, ಒಂದೇ ಥ್ರೆಡ್ ಬಿಡುವಿಲ್ಲದೆ ದುಡಿಯುತ್ತಿದೆ ಎಂದು ಅರ್ಥ ಮಾಡಿಕೊಳ್ಳಬಹುದು. ಅಕ್ಕನ ಮೂವತ್ತರಲ್ಲಿ ನನಗೆ ಕಂಡದ್ದು ಅದೇ. ಇಪ್ಪತ್ತೈದು ಯಾರದೋ ಒಬ್ಬರದು, ಉಳಿದ ಐದು ಚಿಲ್ಲರೆ.

ಮ್ಯಾಕ್‌ನ ಆಕ್ಟಿವಿಟಿ ಮಾನಿಟರ್, ಲಿನಕ್ಸ್‌ನ ‘ಟಾಪ್’ ಆಜ್ಞೆ ಲೆಕ್ಕ ಹಾಕುವ ರೀತಿ ಬೇರೆ. ಅಲ್ಲಿ ಒಂದು ಪ್ರೋಸೆಸ್ (ಓಡುತ್ತಿರುವ ಒಂದು ಪ್ರೋಗ್ರಾಂ) ಎದುರು 100 ಎಂದರೆ ಒಂದು ಲಾಜಿಕಲ್ ಪ್ರೊಸೆಸರ್ ತುಂಬಿದೆ ಎಂದರ್ಥ. 240 ಎಂದು ಬಂದರೂ ಯಂತ್ರ ಕೆಟ್ಟಿಲ್ಲ, ಗಾಬರಿ ಬೇಡ. ನಿಮ್ಮ ಯಂತ್ರದಲ್ಲಿ ಲಾಜಿಕಲ್ ಪ್ರೊಸೆಸರ್ ಎಷ್ಟು ಎಂಬುದು ವಿಂಡೋಸ್ ಟಾಸ್ಕ್ ಮ್ಯಾನೇಜರ್‌ನ ‘ಪರ್ಫಾರ್ಮೆನ್ಸ್’ ಪುಟದಲ್ಲೇ ಬರೆದಿರುತ್ತದೆ.

ಅದೇ ಪುಟದಲ್ಲಿ ‘ಸ್ಪೀಡ್’ ಎಂಬ ಅಂಕಿಯನ್ನೂ ನೋಡಿಬಿಡಿ. ಪಕ್ಕದಲ್ಲಿ ‘ಬೇಸ್ ಸ್ಪೀಡ್’ ಇರುತ್ತದೆ. ಪ್ರೊಸೆಸರ್‌ಗೆ ಕೈತುಂಬ ಕೆಲಸವಿರುವಾಗಲೂ ವೇಗ ಬೇಸ್‌ಗಿಂತ ತುಂಬಾ ಕೆಳಗೆ, 0.8 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ನಿಂತಿದ್ದರೆ, ಬ್ರೌಸರ್ ಮೇಲೆ ಅನುಮಾನ ಪಡುವ ಮೊದಲು ಯಂತ್ರವನ್ನು ನೋಡಬೇಕು. ಫ್ಯಾನ್ ಜಾಲಿಗೆ ಧೂಳು ಕಟ್ಟಿ ಬಿಸಿ ಏರಿರಬಹುದು. ಪವರ್ ಸೇವರ್ ಆನ್ ಇರಬಹುದು. ಕೆಲವು ಲ್ಯಾಪ್‌ಟಾಪ್‌ಗಳು ತಮ್ಮದಲ್ಲದ ಚಾರ್ಜರ್ ಚುಚ್ಚಿದರೆ ವೇಗ ತಗ್ಗಿಸಿಬಿಡುತ್ತವೆ. ಓಡುವ ಎತ್ತಿನ ಕಾಲು ಕಟ್ಟಿದರೆ ಅದೇ ಗಾಡಿ ಭಾರ ಅನ್ನಿಸುತ್ತದೆ ಅಲ್ವಾ? ಹಾಗೆ, ಅದೇ ಮಾಮೂಲಿ ಪುಟಕ್ಕೆ ಶೇಕಡಾವಾರು ಅಂಕಿ ಜಾಸ್ತಿ ತೋರಿಸುತ್ತದೆ. ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ವೇಗ 2.6ರ ಮೇಲಿತ್ತು. ಆ ಚಿಂತೆ ಇರಲಿಲ್ಲ.

ಕ್ರೋಮ್‌ನೊಳಗೇ ಇರುವ ಟಾಸ್ಕ್ ಮ್ಯಾನೇಜರ್

ವಿಂಡೋಸ್ ಹೇಳುವುದು ‘ಕ್ರೋಮ್’ ಎಂದಷ್ಟೇ. ಆದರೆ ಕ್ರೋಮ್ ಒಂದೇ ಪ್ರೋಗ್ರಾಂ ಅಲ್ಲ. 2008ರಲ್ಲಿ ಬಂದ ದಿನದಿಂದಲೂ ಅದು ಟ್ಯಾಬ್‌ಗಳನ್ನು ಬೇರೆ ಬೇರೆ ಪ್ರೋಸೆಸ್‌ಗಳಾಗಿ ಓಡಿಸುತ್ತದೆ. 2018ರ ಆರಂಭದಲ್ಲಿ, ಒಂದೇ ಪ್ರೋಸೆಸ್‌ನಲ್ಲಿರುವ ಒಂದು ಸೈಟು ಇನ್ನೊಂದರ ಗುಟ್ಟು ಕದಿಯಲು ದಾರಿ ಕೊಡುವ ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷ ಬೆಳಕಿಗೆ ಬಂತು. ಅದೇ ವರ್ಷ ಕ್ರೋಮ್ ಒಂದೊಂದು ಸೈಟನ್ನೂ ಬೇರೆ ಪ್ರೋಸೆಸ್‌ನಲ್ಲಿ ಇಡಲು ಶುರುಮಾಡಿತು. ಒಂದೇ ಪುಟದೊಳಗೆ ಬರುವ ಬೇರೆ ಸೈಟಿನ ಜಾಹೀರಾತು, ವಿಡಿಯೊ ಚೌಕ ಕೂಡ ಈಗ ತನ್ನದೇ ಪ್ರೋಸೆಸ್‌ನಲ್ಲಿರುತ್ತದೆ. ಇದು ನಮಗೆ ಅನುಕೂಲವೇ. ಯಾರು ಎಷ್ಟು ತಿನ್ನುತ್ತಿದ್ದಾರೆ ಎಂದು ಹೆಸರು ಹಿಡಿದು ಕೇಳಬಹುದು.

ಕೇಳುವ ಜಾಗ ಕ್ರೋಮ್‌ನದೇ ಟಾಸ್ಕ್ ಮ್ಯಾನೇಜರ್. ವಿಂಡೋಸ್, ಲಿನಕ್ಸ್‌ನಲ್ಲಿ ಕ್ರೋಮ್ ಕಿಟಕಿಯ ಮೇಲಿದ್ದು ಶಿಫ್ಟ್ ಮತ್ತು ಎಸ್ಕೇಪ್ ಒತ್ತಿ. ಮ್ಯಾಕ್‌ನಲ್ಲಿ ಮೇಲಿನ ‘ವಿಂಡೋ’ ಮೆನುವಿನಲ್ಲಿದೆ. ‘ಸಿಪಿಯು’ (ಪ್ರೊಸೆಸರ್‌ನ ಇನ್ನೊಂದು ಹೆಸರು) ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿದರೆ ಜಾಸ್ತಿ ತಿನ್ನುವವರು ಮೇಲೆ ಬರುತ್ತಾರೆ. ಇಲ್ಲಿ 100 ಎಂದರೆ ಒಂದು ಲಾಜಿಕಲ್ ಪ್ರೊಸೆಸರ್. ಹಾಗಾಗಿ ಇಲ್ಲಿನ ಅಂಕಿಗೂ ವಿಂಡೋಸ್ ಹೇಳುವ ಅಂಕಿಗೂ ತಾಳೆ ಆಗುವುದಿಲ್ಲ.

ಸಾಲುಗಳ ಹೆಸರು ಓದಿ. ‘ಟ್ಯಾಬ್’ ಎಂದು ಶುರುವಾದರೆ ಪುಟ. ‘ಸಬ್‌ಫ್ರೇಮ್’ ಎಂದರೆ ಪುಟದೊಳಗೆ ಕೂತಿರುವ ಬೇರೆ ಸೈಟು, ಹೆಚ್ಚಾಗಿ ಜಾಹೀರಾತು. ‘ಎಕ್ಸ್‌ಟೆನ್ಷನ್’ ಗೊತ್ತೇ ಇದೆ. ‘ಸರ್ವಿಸ್ ವರ್ಕರ್’ ಎಂದರೆ ಸೈಟು ಹಿಂದೆ ಬಿಟ್ಟಿರುವ ಆಳು. ‘ಜಿಪಿಯು ಪ್ರೋಸೆಸ್’ ಎಂದರೆ ಪರದೆಗೆ ಬಣ್ಣ ಬಳಿಯುವ ವಿಭಾಗ. ಬರೀ ‘ಬ್ರೌಸರ್’ ಎಂದಿರುವುದು ಕ್ರೋಮ್‌ನ ಯಜಮಾನ ಪ್ರೋಸೆಸ್.

ಇಲ್ಲೊಂದು ಬಲೆ ಇದೆ. ನಾನೂ ಮೊದಲ ಹತ್ತು ನಿಮಿಷ ಇದರಲ್ಲೇ ಸುತ್ತಿದೆ. ಅನುಮಾನವಿರುವ ಟ್ಯಾಬ್ ಬಿಟ್ಟು ಇನ್ನೊಂದು ಟ್ಯಾಬ್‌ಗೆ ಹೋದ ತಕ್ಷಣ ಫ್ಯಾನ್ ತಣ್ಣಗಾಗುತ್ತಿತ್ತು. ವಾಪಸ್ ಬಂದರೆ ಮತ್ತೆ ಕೂಗು. ಕಾರಣ ಇಷ್ಟೇ. ಟ್ಯಾಬ್ ಮರೆಯಾದಾಗ ಅದರ ಟೈಮರ್‌ಗಳನ್ನು, ಅಂದರೆ ಇಷ್ಟಿಷ್ಟು ಹೊತ್ತಿಗೆ ಕೆಲಸ ಎಬ್ಬಿಸುವ ಗಂಟೆಗಳನ್ನು, ಕ್ರೋಮ್ ಸೆಕೆಂಡಿಗೆ ಒಂದು ಸಲಕ್ಕೆ ತಗ್ಗಿಸುತ್ತದೆ. 2021ರ ಜನವರಿಯಲ್ಲಿ ಬಂದ 88ನೇ ಆವೃತ್ತಿಯಿಂದ, 5 ನಿಮಿಷಕ್ಕಿಂತ ಜಾಸ್ತಿ ಮರೆಯಲ್ಲಿರುವ ಎಷ್ಟೋ ಪುಟಗಳಿಗೆ ಅದು ನಿಮಿಷಕ್ಕೆ ಒಂದೇ ಸಲ. ಹಾಡು ನುಡಿಸುತ್ತಿರುವ ಟ್ಯಾಬ್‌ಗೆ ಈ ಕಡಿವಾಣ ಇಲ್ಲ. ಬೇರೆ ಕಿಟಕಿ ಬಂದು ಕ್ರೋಮ್ ಕಿಟಕಿಯನ್ನು ಪೂರ್ತಿ ಮುಚ್ಚಿದರೂ ಅದು ಮರೆಯಾದ ಹಾಗೇ ಲೆಕ್ಕ. ಅಂದರೆ, ಹುಡುಕಲು ಹೋದ ಕಿಟಕಿಯೇ ದೋಷವನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಪುಟ ಅರ್ಧ ಪರದೆಯಲ್ಲಿ ಕಾಣುತ್ತಿರಲಿ, ಟಾಸ್ಕ್ ಮ್ಯಾನೇಜರ್ ಇನ್ನರ್ಧದಲ್ಲಿ. ಹಾಗೆ ಇಟ್ಟು ಅಳೆಯಿರಿ.

"ಕೆಲವು ಸಲ ಸುಮ್ಮನಿರುತ್ತೆ" ಎಂದು ಅಕ್ಕ ಹೇಳಿದ್ದು ಯಾಕೆ ಎಂದು ಆಗ ಗೊತ್ತಾಯಿತು.

ಪಕ್ಕಪಕ್ಕ ಇಟ್ಟು ನೋಡಿದರೆ ಮೇಲೇ ಇತ್ತು ಹೆಸರು. ಅವಳು ದಿನವಿಡೀ ತೆರೆದಿಡುವ ಒಂದು ಸುದ್ದಿ ಸೈಟಿನ ಟ್ಯಾಬ್. ಸಿಪಿಯು 97, 102, 99. ಕೆಳಗೆ ಜಿಪಿಯು ಪ್ರೋಸೆಸ್ 9. ಬ್ರೌಸರ್ 4. ಎಕ್ಸ್‌ಟೆನ್ಷನ್‌ಗಳೆಲ್ಲ ಸೊನ್ನೆ. ಆ ಸಾಲು ಹಿಡಿದು ‘ಎಂಡ್ ಪ್ರೋಸೆಸ್’ ಒತ್ತಿದೆ. ಪುಟ ಸತ್ತಿತು. ವಿಂಡೋಸ್‌ನಲ್ಲಿ ಕ್ರೋಮ್ 4ಕ್ಕೆ ಇಳಿಯಿತು. ಒಂದು ನಿಮಿಷದಲ್ಲಿ ಫ್ಯಾನ್ ಶಾಂತ.

ತುಂಬಾ ಜನ ಇಲ್ಲಿಗೇ ಬಿಟ್ಟುಬಿಡುತ್ತಾರೆ. ಸೈಟಿಗೆ ಬೈದು, ಇನ್ನು ಮೇಲೆ ಅಲ್ಲಿಗೆ ಹೋಗಬೇಡ ಎಂದು ಹೇಳಿ ಎದ್ದುಬಿಡುತ್ತಾರೆ. ನನಗೆ ಅದು ಸರಿ ಕಾಣಲಿಲ್ಲ. ಅದೇ ಸೈಟು ನನ್ನ ಯಂತ್ರದಲ್ಲಿ ಹೀಗೆ ತಿನ್ನುತ್ತಿರಲಿಲ್ಲವಲ್ಲ.

ಟ್ಯಾಬ್ ಹೆಸರಿನಲ್ಲಿ ಬೇರೆಯವರ ಕೆಲಸ

ಕಂಟ್ರೋಲ್, ಶಿಫ್ಟ್, ಎನ್ ಒತ್ತಿ ಇನ್‌ಕಾಗ್ನಿಟೊ (ಖಾಸಗಿ) ಕಿಟಕಿ ತೆರೆದೆ. ಅದೇ ಪುಟ, ಅದೇ ಅರ್ಧ ಪರದೆ. ಸಿಪಿಯು 3. ಎರಡು ನಿಮಿಷ ಕಾದೆ. 4, 3, 3.

ಇನ್‌ಕಾಗ್ನಿಟೊದಲ್ಲಿ ಎಕ್ಸ್‌ಟೆನ್ಷನ್‌ಗಳು ನಾವು ಒಪ್ಪಿಗೆ ಕೊಡದೆ ಓಡುವುದಿಲ್ಲ. ಹಾಗಾಗಿ ಅನುಮಾನ ಅಲ್ಲಿಗೆ ಹೋಗುತ್ತದೆ. ಆದರೆ ಅಲ್ಲಿ ಲಾಗಿನ್ ಇರುವುದಿಲ್ಲ, ಹಳೆಯ ಕುಕ್ಕಿಗಳೂ ಇರುವುದಿಲ್ಲ. ಆ ಕಾರಣಕ್ಕೂ ಪುಟ ಬೇರೆ ಥರ ನಡೆದುಕೊಳ್ಳಬಹುದು. ಹಾಗಾಗಿ ಇನ್‌ಕಾಗ್ನಿಟೊ ಹೇಳಿದ್ದನ್ನು ಸುಳಿವು ಎಂದು ಇಟ್ಟುಕೊಳ್ಳಿ, ತೀರ್ಪು ಎಂದಲ್ಲ.

ಈಗ ಪ್ರಶ್ನೆ. ಕ್ರೋಮ್ ಟಾಸ್ಕ್ ಮ್ಯಾನೇಜರ್‌ನಲ್ಲಿ ಎಕ್ಸ್‌ಟೆನ್ಷನ್‌ಗಳೆಲ್ಲ ಸೊನ್ನೆ ತೋರಿಸುತ್ತಿದ್ದವು. ಹಾಗಾದರೆ ಅವು ಹೇಗೆ ಕಾರಣವಾಗುತ್ತವೆ?

ಎಕ್ಸ್‌ಟೆನ್ಷನ್‌ಗೆ ಎರಡು ಭಾಗ ಇರಬಹುದು. ಒಂದು ಅದರದೇ ಪ್ರೋಸೆಸ್‌ನಲ್ಲಿ ಹಿಂದೆ ಓಡುತ್ತದೆ. ಅದರ ಖರ್ಚು ಅದರ ಹೆಸರಿನಲ್ಲೇ ಕಾಣುತ್ತದೆ. ಇನ್ನೊಂದು ನಾವು ತೆರೆದ ಪುಟದೊಳಗೇ ನುಗ್ಗಿ ಕೆಲಸ ಮಾಡುವ ಸ್ಕ್ರಿಪ್ಟ್. ಕಂಟೆಂಟ್ ಸ್ಕ್ರಿಪ್ಟ್ ಅನ್ನುತ್ತಾರೆ. ಅದು ಓಡುವುದು ಆ ಪುಟದ ಪ್ರೋಸೆಸ್‌ನಲ್ಲಿ. ಖರ್ಚೂ ಟ್ಯಾಬ್ ಲೆಕ್ಕಕ್ಕೇ ಬೀಳುತ್ತದೆ. ಉಂಡದ್ದು ಒಬ್ಬರು, ಬಿಲ್ಲು ಇನ್ನೊಬ್ಬರ ಹೆಸರಿಗೆ. ಈ ಒಂದು ವಿಷಯ ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ಸೈಟುಗಳು ಬೈಗುಳ ತಿನ್ನುತ್ತಿವೆ.

ಅಕ್ಕನ ಹತ್ತಿರ 11 ಎಕ್ಸ್‌ಟೆನ್ಷನ್‌ಗಳಿದ್ದವು. ಇಂಥಲ್ಲಿ ಒಂದೊಂದೇ ಆಫ್ ಮಾಡುತ್ತ ಕೂರಬೇಕಿಲ್ಲ. ಅರ್ಧ ಆಫ್ ಮಾಡಿ ನೋಡಿ. ತೊಂದರೆ ಉಳಿದರೆ ಕಳ್ಳ ಉಳಿದ ಅರ್ಧದಲ್ಲಿದ್ದಾನೆ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. 11 ಇದ್ದರೂ ನಾಲ್ಕು ಸುತ್ತಿನಲ್ಲಿ ಮುಗಿಯುತ್ತದೆ. ಒಂದು ಮಾತು ಮಾತ್ರ ಮರೆಯಬೇಡಿ. ಎಕ್ಸ್‌ಟೆನ್ಷನ್ ಆಫ್ ಮಾಡಿದ ಮೇಲೆ ಪುಟವನ್ನು ರೀಲೋಡ್ ಮಾಡಲೇಬೇಕು. ಆಗಲೇ ಪುಟದೊಳಗೆ ನುಗ್ಗಿರುವ ಸ್ಕ್ರಿಪ್ಟ್ ಸ್ವಿಚ್ ಆಫ್ ಮಾಡಿದ ಮಾತ್ರಕ್ಕೆ ಎದ್ದು ಹೋಗುವುದಿಲ್ಲ. ರೀಲೋಡ್ ಮಾಡದೆ ನೋಡಿ, "ಇದಲ್ಲ" ಎಂದು ತಪ್ಪಾಗಿ ಬಿಟ್ಟುಬಿಡುವುದು ತುಂಬಾ ಸುಲಭ.

ನಾನು ಅವತ್ತು ಇನ್ನೊಂದು ದಾರಿ ಹಿಡಿದೆ. ಸ್ವಲ್ಪ ಕಷ್ಟ ಅನ್ನಿಸಬಹುದು, ಆದರೆ ಹೆಸರು ನೇರವಾಗಿ ಸಿಗುತ್ತದೆ. ಆ ಪುಟದ ಮೇಲೆ ಕಂಟ್ರೋಲ್, ಶಿಫ್ಟ್, ಐ ಒತ್ತಿದರೆ ಡೆವ್‌ಟೂಲ್ಸ್, ಅಂದರೆ ಪುಟದ ಒಳಗೆ ಏನಾಗುತ್ತಿದೆ ಎಂದು ತೋರಿಸುವ ಸಾಧನ, ತೆರೆಯುತ್ತದೆ. ಮೇಲೆ ‘ಪರ್ಫಾರ್ಮೆನ್ಸ್’ ಎಂಬ ಪಟ್ಟಿ ಇದೆ. ಅಲ್ಲಿ ದುಂಡಗಿನ ರೆಕಾರ್ಡ್ ಗುಂಡಿ ಒತ್ತಿ, ಐದಾರು ಸೆಕೆಂಡು ಪುಟವನ್ನು ಮುಟ್ಟದೆ ಬಿಟ್ಟು, ನಿಲ್ಲಿಸಿ. ಜಾಸ್ತಿ ಹೊತ್ತು ರೆಕಾರ್ಡ್ ಮಾಡಬೇಡಿ. ಹಳೆಯ ಯಂತ್ರ ಅದನ್ನು ತೆರೆಯಲೇ ಒದ್ದಾಡುತ್ತದೆ.

ಚಿತ್ರದಲ್ಲಿ ‘ಮೇನ್’ ಎಂಬ ಪಟ್ಟೆಯನ್ನು ನೋಡಿ. ಸುಮ್ಮನೆ ಕೂತ ಪುಟದಲ್ಲಿ ಅದು ಹೆಚ್ಚು ಕಡಿಮೆ ಖಾಲಿ ಇರಬೇಕು, ಅಲ್ಲೊಂದು ಇಲ್ಲೊಂದು ಗೆರೆ ಅಷ್ಟೆ. ಅಕ್ಕನ ಪುಟದಲ್ಲಿ ಗೋಡೆಗೆ ಇಟ್ಟಿಗೆ ಜೋಡಿಸಿದ ಹಾಗೆ ಹಳದಿ ಚೌಕಗಳು, ನಡುವೆ ಸಂದೇ ಇಲ್ಲ. ಹಳದಿ ಎಂದರೆ ಸ್ಕ್ರಿಪ್ಟ್. ನೇರಳೆ ಎಂದರೆ ಪುಟದ ಅಳತೆ, ಜೋಡಣೆ. ಹಸಿರು ಎಂದರೆ ಬಣ್ಣ ಬಳಿಯುವುದು. 50 ಮಿಲಿಸೆಕೆಂಡಿಗಿಂತ ಜಾಸ್ತಿ ಹಿಡಿಯುವ ಕೆಲಸಕ್ಕೆ ಕ್ರೋಮ್ ಕೆಂಪು ಗುರುತು ಹಾಕುತ್ತದೆ. ಪರದೆ ಸೆಕೆಂಡಿಗೆ 60 ಸಲ ಹೊಸದಾಗಬೇಕಾದರೆ ಒಂದೊಂದು ಸಲಕ್ಕೆ ಸಿಗುವುದು 16.7 ಮಿಲಿಸೆಕೆಂಡು ಮಾತ್ರ. ಇಲ್ಲಿ ಒಂದೊಂದು ಚೌಕ 300ರಿಂದ 400 ಮಿಲಿಸೆಕೆಂಡು. ಸ್ಕ್ರೋಲ್ ಮಾಡಿದರೆ ಪುಟ ಎಳೆದೆಳೆದು ಬರುತ್ತಿದ್ದುದೂ ಇದಕ್ಕೇ.

ಕೆಳಗೆ ‘ಬಾಟಮ್ ಅಪ್’ ಎಂಬ ಪಟ್ಟಿ. ಅದನ್ನು ‘ಸೆಲ್ಫ್ ಟೈಮ್’ ಪ್ರಕಾರ ಜೋಡಿಸಿದರೆ, ಸಮಯ ನುಂಗಿದ ಫಂಕ್ಷನ್ (ಕೋಡಿನ ಒಂದು ತುಣುಕು) ಮೊದಲಿಗೆ ಬರುತ್ತದೆ. ಅದರ ಹೆಸರು ಒಂದೇ ಅಕ್ಷರ. ಅದರಿಂದ ಏನೂ ತಿಳಿಯುವುದಿಲ್ಲ. ಆದರೆ ಬಲಗಡೆ ಆ ಫಂಕ್ಷನ್ ಯಾವ ಫೈಲಿನಿಂದ ಬಂದಿದೆ ಎಂದು ಇರುತ್ತದೆ. ಅದರ ಮೇಲೆ ಮೌಸ್ ಇಟ್ಟೆ. ವಿಳಾಸ ಸುದ್ದಿ ಸೈಟಿನದಲ್ಲ. ‘ಕ್ರೋಮ್ ಎಕ್ಸ್‌ಟೆನ್ಷನ್’ ಎಂದು ಶುರುವಾಗಿ, ಮುಂದೆ ಅರ್ಥವಿಲ್ಲದ 32 ಅಕ್ಷರ. ಅದೇ ಎಕ್ಸ್‌ಟೆನ್ಷನ್‌ನ ಗುರುತಿನ ಸಂಖ್ಯೆ ಇದ್ದ ಹಾಗೆ. ಎಕ್ಸ್‌ಟೆನ್ಷನ್‌ಗಳ ಪುಟ ತೆರೆದು, ಬಲಮೂಲೆಯ ‘ಡೆವಲಪರ್ ಮೋಡ್’ ಆನ್ ಮಾಡಿದರೆ ಪ್ರತಿಯೊಂದರ ಕೆಳಗೂ ಆ 32 ಅಕ್ಷರ ಕಾಣುತ್ತವೆ. ಮೊದಲ ನಾಲ್ಕು ಅಕ್ಷರ ಹೋಲಿಸಿದರೆ ಸಾಕು.

ಸಿಕ್ಕಿದ್ದು ಪದಗಳಿಗೆ ಅರ್ಥ ತೋರಿಸುವ ಒಂದು ಎಕ್ಸ್‌ಟೆನ್ಷನ್. ಇಂಗ್ಲಿಷ್ ಪದದ ಮೇಲೆ ಮೌಸ್ ಇಟ್ಟರೆ ಕನ್ನಡ ಅರ್ಥ ಬರುತ್ತದೆ. ಮಕ್ಕಳಿಗೆ ಪಾಠ ಮಾಡುವಾಗ ಬೇಕೆಂದು ಹಾಕಿಕೊಂಡಿದ್ದಳು. ಒಳ್ಳೆಯ ಸಾಧನವೇ. ಆದರೆ ಅದು ಪುಟದಲ್ಲಿ ಏನು ಬದಲಾದರೂ ಇಡೀ ಪುಟವನ್ನು ಮತ್ತೆ ಮೊದಲಿನಿಂದ ಓದಿ, ಪದ ಪದಕ್ಕೂ ಗುರುತು ಹಾಕುತ್ತಿತ್ತು. ಸುದ್ದಿ ಸೈಟಿನ ಮೇಲ್ಭಾಗದಲ್ಲಿ ಓಡುವ ಪಟ್ಟಿ ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಬದಲಾದಾಗಲೆಲ್ಲ ಮತ್ತೆ ಓದು. ಸಾಲದ್ದಕ್ಕೆ, ಅದು ಹಾಕುವ ಗುರುತೂ ಪುಟದಲ್ಲಾದ ಬದಲಾವಣೆಯೇ ತಾನೆ? ಅದನ್ನು ಕಂಡು ಇನ್ನೊಂದು ಸುತ್ತು. ತಾನು ಗುಡಿಸಿದಾಗ ಎದ್ದ ಧೂಳನ್ನು ಮತ್ತೆ ತಾನೇ ಗುಡಿಸಿದ ಹಾಗೆ. ಸೈಟಿನದೂ ದೊಡ್ಡ ತಪ್ಪಲ್ಲ. ಇಬ್ಬರೂ ಒಂದೇ ಪುಟದಲ್ಲಿ ಸೇರಿದಾಗ ಮಾತ್ರ ಈ ಗಲಾಟೆ.

ಪರಿಹಾರಕ್ಕೆ ಎಕ್ಸ್‌ಟೆನ್ಷನ್ ಕಿತ್ತುಹಾಕಬೇಕಾಗಲಿಲ್ಲ. ಅದರ ‘ಡೀಟೇಲ್ಸ್’ ಒಳಗೆ ‘ಸೈಟ್ ಆಕ್ಸೆಸ್’ ಇದೆ. ‘ಎಲ್ಲ ಸೈಟುಗಳಲ್ಲಿ’ ಎಂದಿದ್ದದ್ದನ್ನು ‘ಕ್ಲಿಕ್ ಮಾಡಿದಾಗ’ ಎಂದು ಬದಲಿಸಿದೆ. ಪುಟ ರೀಲೋಡ್. ಸಿಪಿಯು 3.

ನಿಮ್ಮ ಎಲ್ಲ ಎಕ್ಸ್‌ಟೆನ್ಷನ್‌ಗಳಿಗೂ ಒಮ್ಮೆ ಇದನ್ನು ನೋಡಿಬಿಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಪ್ರೊಸೆಸರ್ ಮಾತ್ರದ ಮಾತಲ್ಲ. ಗ್ರೇಟ್ ಸಸ್ಪೆಂಡರ್ ಎಂಬ ಎಕ್ಸ್‌ಟೆನ್ಷನ್ ನೆನಪಿದೆಯಾ? ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಯಂತ್ರದ ಭಾರ ಇಳಿಸಲೆಂದೇ ಲಕ್ಷಾಂತರ ಜನ ಅದನ್ನು ಹಾಕಿಕೊಂಡಿದ್ದರು. 2020ರಲ್ಲಿ ಅದು ಬೇರೆಯವರ ಕೈಗೆ ಹೋಯಿತು. 2021ರ ಫೆಬ್ರವರಿಯಲ್ಲಿ, ಅದರಲ್ಲಿ ದುರುದ್ದೇಶದ ಕೋಡ್ ಇದೆ ಎಂದು ಗೂಗಲ್ ಅದನ್ನು ತೆಗೆದುಹಾಕಿತು. ಹಾಕಿಕೊಂಡ ದಿನ ಒಳ್ಳೆಯದಿದ್ದದ್ದು ಮುಂದೆಯೂ ಹಾಗೇ ಇರುತ್ತದೆ ಎಂದು ಹೇಳಲಾಗದು. ಆ ಕೆಲಸವನ್ನು ಈಗ ಕ್ರೋಮ್‌ನ ‘ಮೆಮೊರಿ ಸೇವರ್’ ತಾನೇ ಮಾಡುತ್ತದೆ.

ಜಿಪಿಯು ಸಾಲು ಮೇಲೆ ಬಂದರೆ

ನಿಮ್ಮ ಪಟ್ಟಿಯಲ್ಲಿ ಮೊದಲಿಗೆ ಟ್ಯಾಬ್ ಬದಲು ‘ಜಿಪಿಯು ಪ್ರೋಸೆಸ್’ ಇದ್ದರೆ ದಾರಿ ಬೇರೆ. ಗ್ರಾಫಿಕ್ಸ್ ಚಿಪ್ ಮಾಡಬೇಕಾದ ಕೆಲಸವನ್ನು ಪ್ರೊಸೆಸರ್ ತಲೆ ಮೇಲೆ ಹೊತ್ತಿರುವ ಸಾಧ್ಯತೆ ಜಾಸ್ತಿ. ವಿಳಾಸದ ಜಾಗದಲ್ಲಿ ಇಂಗ್ಲಿಷಿನಲ್ಲಿ ಕ್ರೋಮ್, ಕೋಲನ್, ಎರಡು ಓರೆಗೆರೆ, ಜಿಪಿಯು ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಮೇಲಿನ ಪಟ್ಟಿಯಲ್ಲಿ ‘ಹಾರ್ಡ್‌ವೇರ್ ಆಕ್ಸಿಲರೇಟೆಡ್’ ಎಂದು ಹಸಿರಿನಲ್ಲಿ ಇದ್ದರೆ ಸರಿ. ‘ಸಾಫ್ಟ್‌ವೇರ್ ಓನ್ಲಿ’ ಎಂಬ ಮಾತು ತುಂಬಾ ಕಡೆ ಬಂದರೆ ಅದೇ ಕಾರಣ.

ಅದಕ್ಕೆ ಮೂರು ನಾಲ್ಕು ಕಾರಣ ಸಾಮಾನ್ಯ. ಸೆಟ್ಟಿಂಗ್ಸ್‌ನ ‘ಸಿಸ್ಟಮ್’ ವಿಭಾಗದಲ್ಲಿ ಗ್ರಾಫಿಕ್ಸ್ ಆಕ್ಸಿಲರೇಷನ್ ಅನ್ನು ಯಾರೋ ಆಫ್ ಮಾಡಿರಬಹುದು. ಏನೇ ತೊಂದರೆ ಬಂದರೂ ಅದನ್ನು ಆಫ್ ಮಾಡಿ ಎಂಬ ಸಲಹೆ ಎಲ್ಲೆಡೆ ಓಡಾಡುತ್ತದೆ. ಪರದೆ ಮಿನುಗುವ ತೊಂದರೆಗೆ ಅದು ಸರಿ ಇರಬಹುದು, ಪ್ರೊಸೆಸರ್ ತೊಂದರೆಗೆ ಹೆಚ್ಚಿನ ಸಲ ಉಲ್ಟಾ. ಗ್ರಾಫಿಕ್ಸ್ ಡ್ರೈವರ್ ಹಳೆಯದಾಗಿರಬಹುದು. ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅಥವಾ ವರ್ಚುವಲ್ ಯಂತ್ರದಲ್ಲಿ ಕ್ರೋಮ್ ಓಡಿಸುತ್ತಿದ್ದರೆ ಅಲ್ಲಿ ಗ್ರಾಫಿಕ್ಸ್ ಚಿಪ್ ಸಿಗದೇ ಇರಬಹುದು. ಆಗ ಮಂಜು ಮುಸುಕಿದಂಥ ಹಿನ್ನೆಲೆ, ಜಾರುವ ಚಿತ್ರಪಟ್ಟಿ ಇರುವ ಒಂದು ಅಲಂಕಾರದ ಪುಟವೂ ಭಾರವಾಗುತ್ತದೆ.

ವಿಡಿಯೊ ನೋಡುವಾಗ ಮಾತ್ರ ಏರಿದರೆ

ಅಕ್ಕನಿಗೆ ಇದೂ ಸ್ವಲ್ಪ ಇತ್ತು. ಯೂಟ್ಯೂಬ್‌ನಲ್ಲಿ ಪಾಠದ ವಿಡಿಯೊ ಹಾಕಿದಾಗ ಮತ್ತೆ ಫ್ಯಾನ್ ಏಳುತ್ತಿತ್ತು. ವಿಡಿಯೊ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆಯಿರಿ. ‘ಕೋಡೆಕ್ಸ್’ ಎಂಬ ಸಾಲು ಇದೆ. ಕೋಡೆಕ್ ಎಂದರೆ ವಿಡಿಯೊವನ್ನು ಕುಗ್ಗಿಸಿ ಕಟ್ಟುವ, ಮತ್ತೆ ಬಿಚ್ಚುವ ವಿಧಾನ. ಎವಿಸಿ1 ಎಂದರೆ ಎಚ್.264. ವಿಪಿ09 ಎಂದರೆ ವಿಪಿ9. ಎವಿ01 ಎಂದರೆ ಎವಿ1. ಹೊಸ ಕೋಡೆಕ್ ಕಡಿಮೆ ಡೇಟಾದಲ್ಲಿ ಒಳ್ಳೆಯ ಚಿತ್ರ ಕೊಡುತ್ತದೆ. ಆದರೆ ಅದನ್ನು ಬಿಚ್ಚಲು ಚಿಪ್ಪಿನಲ್ಲಿ ತಕ್ಕ ಜಾಗ ಇರಬೇಕು. ಇಂಟೆಲ್‌ನಲ್ಲಿ ವಿಪಿ9ಕ್ಕೆ ಪೂರ್ತಿ ಹಾರ್ಡ್‌ವೇರ್ ಬೆಂಬಲ ಬಂದದ್ದು 7ನೇ ತಲೆಮಾರಿನಲ್ಲಿ. ಎವಿ1 ಬಿಚ್ಚುವ ಸೌಕರ್ಯ ಬಂದದ್ದು 2020ರ 11ನೇ ತಲೆಮಾರಿನಲ್ಲಿ. ಅದಕ್ಕಿಂತ ಹಳೆಯ ಯಂತ್ರದಲ್ಲಿ ಆ ಕೆಲಸ ಪ್ರೊಸೆಸರ್ ತಲೆಗೇ.

ಅಕ್ಕನ ವಿಡಿಯೊದಲ್ಲಿ ಎವಿ01 ಇತ್ತು. ಯೂಟ್ಯೂಬ್ ಸೆಟ್ಟಿಂಗ್ಸ್‌ನ ‘ಪ್ಲೇಬ್ಯಾಕ್ ಆಂಡ್ ಪರ್ಫಾರ್ಮೆನ್ಸ್’ ಪುಟದಲ್ಲಿ ಎವಿ1 ಆಯ್ಕೆಗಳಿವೆ. ಅವಳದು ‘ಯಾವಾಗಲೂ ಎವಿ1’ ಎಂದಿತ್ತು. ಯಾರು ಮಾಡಿದ್ದೋ ಅವಳಿಗೂ ನೆನಪಿಲ್ಲ. ‘ಆಟೊ’ಗೆ ಬದಲಿಸಿ, 1080ರ ಬದಲು 720ರಲ್ಲಿ ನೋಡಲು ಹೇಳಿದೆ. ಕರಿಹಲಗೆ ಪಾಠಕ್ಕೆ 720 ಧಾರಾಳ ಸಾಕು. ಎಚ್.264 ಮಾತ್ರ ಕೇಳುವಂತೆ ಮಾಡುವ ಎಕ್ಸ್‌ಟೆನ್ಷನ್‌ಗಳೂ ಇವೆ. ಎಕ್ಸ್‌ಟೆನ್ಷನ್‌ನಿಂದಲೇ ಅಷ್ಟು ಕಾಟ ಪಟ್ಟ ಮೇಲೆ ಇನ್ನೊಂದು ಸೇರಿಸಲು ನನಗೆ ಮನಸ್ಸು ಬರಲಿಲ್ಲ.

ಎಲ್ಲ ಕೋರ್‌ಗಳೂ ಒಟ್ಟಿಗೆ ತುಂಬಿದರೆ

ಒಂದು ಪುಟದ ಸಾಲು 100 ದಾಟಿ 300, 350 ಎಂದು ತೋರಿಸಿದರೆ, ಆ ಪುಟ ಬೇಕೆಂದೇ ಹಲವು ಥ್ರೆಡ್‌ಗಳನ್ನು ಎಬ್ಬಿಸಿದೆ. ಬ್ರೌಸರ್ ಆಟ, ಚಿತ್ರ ತಿದ್ದುವ ಸೈಟು, ವಿಡಿಯೊ ಕಾಲ್‌ನಲ್ಲಿ ಹಿನ್ನೆಲೆ ಮಸುಕು ಮಾಡುವುದು, ಇವಕ್ಕೆ ಇದು ಸಹಜ. ಆದರೆ ಸುಮ್ನೆ ಓದುವ ಪುಟವೊಂದು ಹೀಗೆ ಮಾಡಿದರೆ ಅದು ನಿಮ್ಮ ಕರೆಂಟಿನಲ್ಲಿ ತನ್ನ ದುಡ್ಡು ಮಾಡುತ್ತಿರಬಹುದು. 2017ರ ಸೆಪ್ಟೆಂಬರ್‌ನಲ್ಲಿ ಶುರುವಾದ ಕಾಯಿನ್‌ಹೈವ್ ಎಂಬ ಸೇವೆ, ಪುಟ ನೋಡಲು ಬಂದವರ ಪ್ರೊಸೆಸರ್‌ನಲ್ಲಿ ಮೊನೆರೊ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ (ಲೆಕ್ಕ ಮಾಡಿಸಿ ನಾಣ್ಯ ಗಳಿಸುವುದು) ಮಾಡುವ ಸ್ಕ್ರಿಪ್ಟ್ ಕೊಡುತ್ತಿತ್ತು. ಹ್ಯಾಕ್ ಆದ ಸೈಟುಗಳಲ್ಲೂ ಅದನ್ನು ತುರುಕಿದ್ದರು. ಅದು 2019ರ ಮಾರ್ಚ್‌ನಲ್ಲಿ ಮುಚ್ಚಿತು. ಆ ವಿದ್ಯೆ ಮಾತ್ರ ಉಳಿದಿದೆ. ಆಗಿನ ಒಂದು ಚಾಳಿ ನೆನಪಿಡುವಂಥದ್ದು. ಪುಟ ಮುಚ್ಚಿದ ಮೇಲೂ ಒಂದು ಪುಟ್ಟ ಕಿಟಕಿ ವಿಂಡೋಸ್‌ನ ಗಡಿಯಾರದ ಹಿಂದೆ, ಟಾಸ್ಕ್‌ಬಾರ್‌ನ ಅಡಿಯಲ್ಲಿ ಅಡಗಿ ಕೂತು ಗಣಿಗಾರಿಕೆ ಮುಂದುವರಿಸುತ್ತಿತ್ತು. ಹಾಗಾಗಿ ಎಲ್ಲ ಕಿಟಕಿ ಮುಚ್ಚಿದ ಮೇಲೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಕ್ರೋಮ್ ಉಳಿದಿದೆಯೇ ನೋಡಿ. ಉಳಿದಿದೆ ಎಂದ ಮಾತ್ರಕ್ಕೆ ಕಳ್ಳತನ ಅಂದುಕೊಳ್ಳಬೇಡಿ. ‘ಸಿಸ್ಟಮ್’ ಸೆಟ್ಟಿಂಗ್‌ನಲ್ಲಿ, ಮುಚ್ಚಿದ ಮೇಲೂ ಹಿಂದೆ ಓಡಲು ಬಿಡುವ ಒಂದು ಆಯ್ಕೆ ಇದೆ. ಅದನ್ನು ಆಫ್ ಮಾಡಿ, ಮತ್ತೆ ನೋಡಿ.

ಫೈರ್‌ಫಾಕ್ಸ್ ಬಳಸುವವರಿಗೆ

ದಾರಿ ಇದೇ. ಶಿಫ್ಟ್, ಎಸ್ಕೇಪ್ ಒತ್ತಿದರೆ ಪ್ರೋಸೆಸ್‌ಗಳ ಪುಟ ತೆರೆಯುತ್ತದೆ. ನನಗೆ ಅದರಲ್ಲಿ ತುಂಬಾ ಇಷ್ಟವಾದದ್ದು, ಸಾಲಿನ ಮೇಲೆ ಮೌಸ್ ಇಟ್ಟಾಗ ಕಾಣುವ ಪುಟ್ಟ ಪ್ರೊಫೈಲರ್ ಗುರುತು. ಅದನ್ನು ಒತ್ತಿದರೆ 5 ಸೆಕೆಂಡು ರೆಕಾರ್ಡ್ ಮಾಡಿ, ಆ ಪ್ರೋಸೆಸ್ ಒಳಗೆ ಏನು ನಡೆಯಿತು ಎಂದು ತಾನೇ ತೆರೆದು ತೋರಿಸುತ್ತದೆ. ‘ಹೆಲ್ಪ್’ ಮೆನುವಿನ ‘ಟ್ರಬಲ್‌ಶೂಟ್ ಮೋಡ್’ ಬಳಸುವಾಗ ಒಂದು ಎಚ್ಚರ. ಅದು ಎಕ್ಸ್‌ಟೆನ್ಷನ್‌ಗಳ ಜೊತೆಗೆ ಹಾರ್ಡ್‌ವೇರ್ ಆಕ್ಸಿಲರೇಷನ್ ಅನ್ನೂ ಆಫ್ ಮಾಡುತ್ತದೆ. ಅಲ್ಲಿ ತೊಂದರೆ ಹೋಯಿತು ಎಂದರೆ ಕಾರಣ ಎರಡರಲ್ಲಿ ಯಾವುದಾದರೂ ಇರಬಹುದು. ಬೇರೆ ಬೇರೆಯಾಗಿ ಮತ್ತೆ ನೋಡಿ.

ದೂರು ಬರೆಯುವುದು

ಸೈಟ್ ಆಕ್ಸೆಸ್ ಬದಲಿಸಿ ಅಕ್ಕನ ಕೆಲಸ ಆಯಿತು. ಆದರೆ ಆ ಎಕ್ಸ್‌ಟೆನ್ಷನ್ ಬಳಸುವ ಬೇರೆ ಮೇಷ್ಟ್ರು, ಮಕ್ಕಳ ಯಂತ್ರಗಳಲ್ಲೂ ಫ್ಯಾನ್ ಕೂಗುತ್ತಿರುತ್ತದಲ್ಲ. ಹಾಗಾಗಿ ಮಾಡಿದವರಿಗೆ ಬರೆದೆ. "ನಿಮ್ಮ ಎಕ್ಸ್‌ಟೆನ್ಷನ್ ಸ್ಲೋ" ಎಂದು ಬರೆದರೆ ಯಾರೂ ಏನೂ ಮಾಡಲಾರರು. ಕ್ರೋಮ್ ಆವೃತ್ತಿ, ಎಕ್ಸ್‌ಟೆನ್ಷನ್ ಆವೃತ್ತಿ, ಪುಟದಲ್ಲಿ ಸೆಕೆಂಡಿಗೊಮ್ಮೆ ಬದಲಾಗುವ ಪಟ್ಟಿ ಇರುವುದು, ಆನ್ ಇದ್ದಾಗ ಟ್ಯಾಬ್ ಸಿಪಿಯು 100, ಆಫ್ ಮಾಡಿ ರೀಲೋಡ್ ಮಾಡಿದಾಗ 3, ಸಮಯ ನುಂಗುತ್ತಿರುವ ಫಂಕ್ಷನ್ ಇರುವ ಫೈಲಿನ ಸಾಲು. ಇಷ್ಟು ಬರೆದೆ. ಪರ್ಫಾರ್ಮೆನ್ಸ್ ಪಟ್ಟಿಯ ರೆಕಾರ್ಡಿಂಗನ್ನು ಫೈಲಾಗಿ ಉಳಿಸಬಹುದು. ಅದನ್ನೂ ಸೇರಿಸಿದೆ. ಅದರೊಳಗೆ ನೀವು ತೆರೆದ ಪುಟಗಳ ವಿಳಾಸ ಇರುತ್ತದೆ. ಬ್ಯಾಂಕು, ಮೇಲ್ ಪುಟಗಳಲ್ಲಿ ರೆಕಾರ್ಡ್ ಮಾಡಿದ್ದನ್ನು ಯಾರಿಗೂ ಕಳಿಸಬೇಡಿ.

ಮೂರು ವಾರದ ಮೇಲೆ ಹೊಸ ಆವೃತ್ತಿ ಬಂತು. ಬದಲಾದ ಭಾಗವನ್ನು ಮಾತ್ರ ಓದುವಂತೆ ಮಾಡಿದ್ದರು. ಸೈಟ್ ಆಕ್ಸೆಸ್ ಅನ್ನು ಮೊದಲಿನಂತೆ ಎಲ್ಲ ಸೈಟುಗಳಿಗೆ ಇಟ್ಟು, ಅದೇ ಸುದ್ದಿ ಪುಟ ತೆರೆದು, ಅರ್ಧ ಪರದೆಗೆ ಸರಿಸಿ, ಎರಡು ನಿಮಿಷ ಬಿಟ್ಟು ಅಳೆದೆವು. ಟ್ಯಾಬ್ ಸಿಪಿಯು 5. "ಇದು ಇರಲಿ ಬಿಡೋ, ನಾಳೆ ಕ್ಲಾಸಿಗೆ ಬೇಕು" ಅಂದಳು ಅಕ್ಕ.